ಲಕ್ಷದ್ವೀಪ: ಅಕ್ಕಿ, ಜಲ್ಲಿ, ಡೀಸೆಲ್ ಎಲ್ಲವೂ ಹಡಗಿನಲ್ಲೇ ಬರಬೇಕು, ಆಡಳಿತದ ತೀರ್ಮಾನ ಯಾರ ಕೈಯಲ್ಲಿದೆ?

2024ರ ಜನವರಿ ಮೊದಲ ವಾರ ಪ್ರಧಾನಿ ನರೇಂದ್ರ ಮೋದಿ ಲಕ್ಷದ್ವೀಪಕ್ಕೆ ಹೋಗಿ ಬಂದ ಮೇಲೆ ಅಲ್ಲಿನ ಬಿಳಿ ಮರಳು, ನೀಲಿ ನೀರಿನ ಫೋಟೊಗಳು ದೇಶದ ಎಲ್ಲರ ಮೊಬೈಲ್‌ಗೂ ಬಂದವು. ಹೋಗುವುದು ಹೇಗೆ, ಖರ್ಚೆಷ್ಟು, ಪರವಾನಗಿ ಬೇಕೇ ಎಂಬ ಹುಡುಕಾಟವೂ ಜೋರಾಯಿತು. ಆದರೆ ಅಲ್ಲೇ ಹುಟ್ಟಿ ಬೆಳೆದು ಬದುಕುತ್ತಿರುವವರು ಕೇಳುವ ಪ್ರಶ್ನೆಗಳೇ ಬೇರೆ. ಮುಂದಿನ ಹಡಗಿಗೆ ಟಿಕೆಟ್ ಸಿಗುತ್ತದೆಯೇ? ಹೆರಿಗೆ ಕಷ್ಟವಾದರೆ ಹೆಲಿಕಾಪ್ಟರ್ ಬರುತ್ತದೆಯೇ? ಬಾವಿಯ ನೀರು ಕುಡಿಯಬಹುದೇ? ಪಂಚಾಯತ್ ಚುನಾವಣೆ ಯಾವಾಗ?

ಕರಾವಳಿ ಕನ್ನಡಿಗರಿಗೆ ಲಕ್ಷದ್ವೀಪ ಹೊಸ ಹೆಸರಲ್ಲ. ಮಂಗಳೂರಿನ ಹಳೆ ಬಂದರಿನಿಂದ ಸಾಮಾನು ಹೊತ್ತ ಮಂಜಿಗಳು ತಲೆಮಾರುಗಳಿಂದ ಈ ದ್ವೀಪಗಳಿಗೆ ಹೋಗಿ ಬರುತ್ತಿವೆ. ಅಷ್ಟೇ ಅಲ್ಲ, ಇಲ್ಲಿನ ಐದು ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಈ ದ್ವೀಪಗಳ ಆಡಳಿತ ಹೇಗೆ ನಡೆಯುತ್ತದೆ, ಮೂಲಸೌಕರ್ಯ ಯಾವ ಸ್ಥಿತಿಯಲ್ಲಿದೆ, ಅಲ್ಲಿನ ರಾಜಕೀಯ ಯಾವುದರ ಸುತ್ತ ಸುತ್ತುತ್ತದೆ ಎಂಬುದರ ಸಮಗ್ರ ಮಾಹಿತಿ ಇಲ್ಲಿದೆ.

ಒಂದು ನೋಟದಲ್ಲಿ ಲಕ್ಷದ್ವೀಪ

- ಸ್ಥಾನಮಾನ: ವಿಧಾನಸಭೆ ಇಲ್ಲದ ಕೇಂದ್ರಾಡಳಿತ ಪ್ರದೇಶ, ಒಂದೇ ಜಿಲ್ಲೆ
- ರಾಜಧಾನಿ: ಕವರತ್ತಿ
- ಭೂಪ್ರದೇಶ: ಸುಮಾರು 32 ಚದರ ಕಿ.ಮೀ. (ದೇಶದ ಅತಿ ಚಿಕ್ಕ ಕೇಂದ್ರಾಡಳಿತ ಪ್ರದೇಶ)
- ಜನಸಂಖ್ಯೆ: 64,473 (2011ರ ಜನಗಣತಿ)
- ಜನವಸತಿ ಇರುವ ದ್ವೀಪಗಳು: 10. ಕವರತ್ತಿ, ಅಗತ್ತಿ, ಅಮಿನಿ, ಆಂಡ್ರೋತ್, ಕಡಮತ್, ಕಲ್ಪೇನಿ, ಕಿಲ್ತಾನ್, ಚೆತ್ಲಾತ್, ಬಿತ್ರಾ ಮತ್ತು ಮಿನಿಕಾಯ್
- ಭಾಷೆ: ಜೆಸರಿ ಎಂಬ ಮಲಯಾಳಂ ಉಪಭಾಷೆ, ಮಿನಿಕಾಯ್‌ನಲ್ಲಿ ಮಾತ್ರ ಮಾಲ್ದೀವ್ಸ್‌ನ ಭಾಷೆಗೆ ಹತ್ತಿರದ ಮಹಲ್
- ಹೈಕೋರ್ಟ್: ಕೇರಳ ಹೈಕೋರ್ಟ್
- ಕೊಚ್ಚಿಯಿಂದ ದೂರ: 220ರಿಂದ 440 ಕಿ.ಮೀ.

ನೆಲ ಚಿಕ್ಕದಾದರೂ ಸುತ್ತಲಿನ ಸಮುದ್ರ ದೊಡ್ಡದು. ಈ ದ್ವೀಪಗಳಿಂದಾಗಿ ಭಾರತಕ್ಕೆ ಸುಮಾರು 4 ಲಕ್ಷ ಚದರ ಕಿ.ಮೀ. ವಿಶೇಷ ಆರ್ಥಿಕ ವಲಯ ಸಿಕ್ಕಿದೆ. ದೆಹಲಿಯ ದೃಷ್ಟಿಯಲ್ಲಿ ಲಕ್ಷದ್ವೀಪಕ್ಕೆ ಇರುವ ಮಹತ್ವಕ್ಕೆ ಮುಖ್ಯ ಕಾರಣ ಇದೇ.

ನೆಲದ ಮೇಲಿನ ಲೆಕ್ಕ ಬೇರೆ. ಚದರ ಕಿ.ಮೀ.ಗೆ 2,000ಕ್ಕೂ ಹೆಚ್ಚು ಜನ ವಾಸಿಸುತ್ತಾರೆ. ದ್ವೀಪಗಳೆಲ್ಲ ಹವಳದ ದಿಬ್ಬಗಳಾದ್ದರಿಂದ ಸಮುದ್ರ ಮಟ್ಟಕ್ಕಿಂತ ಕೆಲವೇ ಮೀಟರ್ ಎತ್ತರದಲ್ಲಿವೆ. ಇಲ್ಲಿ ನದಿಯಿಲ್ಲ, ಬೆಟ್ಟವಿಲ್ಲ, ಗದ್ದೆಯಿಲ್ಲ. ತೆಂಗು ಮತ್ತು ಟ್ಯೂನಾ ಮೀನು ಬಿಟ್ಟರೆ ಸ್ವಂತ ಉತ್ಪನ್ನ ತೀರಾ ಕಡಿಮೆ. ಉಳಿದಿದ್ದೆಲ್ಲ ಸಮುದ್ರ ದಾಟಿ ಬರಬೇಕು.

ಮಂಗಳೂರಿನಿಂದ ಆಳಿದ ಐದು ದ್ವೀಪಗಳು

ಈ ದ್ವೀಪಗಳು ಬಹುಕಾಲ ಕಣ್ಣೂರಿನ ಅರಕ್ಕಲ್ ಮನೆತನದ ಹಿಡಿತದಲ್ಲಿದ್ದವು. ದ್ವೀಪದವರ ಮುಖ್ಯ ಉತ್ಪನ್ನವಾದ ತೆಂಗಿನ ನಾರಿನ ವ್ಯಾಪಾರ ಪೂರ್ತಿಯಾಗಿ ಅರಮನೆಯ ಏಕಸ್ವಾಮ್ಯವಾಗಿತ್ತು. ಆ ಆಡಳಿತದಿಂದ ಬೇಸತ್ತ ಅಮಿನಿ ದ್ವೀಪದ ಕೆಲವರು 1783ರಲ್ಲಿ ದೋಣಿ ಹತ್ತಿ ಮಂಗಳೂರಿಗೆ ಬಂದು, ತಮ್ಮ ದ್ವೀಪಗಳ ಆಡಳಿತ ವಹಿಸಿಕೊಳ್ಳುವಂತೆ ಟಿಪ್ಪು ಸುಲ್ತಾನನನ್ನು ಕೇಳಿಕೊಂಡರು. ಮಾತುಕತೆಯ ನಂತರ ಅಮಿನಿ ಗುಂಪಿನ ದ್ವೀಪಗಳು ಟಿಪ್ಪುವಿನ ಆಳ್ವಿಕೆಗೆ ಬಂದವು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಈ ದ್ವೀಪಗಳು ಬ್ರಿಟಿಷರ ಪಾಲಾದವು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾಗಳನ್ನು ಒಟ್ಟಾಗಿ ಅಮಿನ್‌ದಿವಿ ದ್ವೀಪಗಳೆಂದು ಕರೆದು, ಮಂಗಳೂರಿನಿಂದ ಆಡಳಿತ ನಡೆಸಲಾಯಿತು. ಸ್ಥಳದಲ್ಲಿ ಮೊನೆಗಾರ್ ಎಂಬ ಅಧಿಕಾರಿ ಇರುತ್ತಿದ್ದ. ದ್ವೀಪದವರು ನಾರು ಕೊಟ್ಟು ಅಕ್ಕಿ ಪಡೆಯುವ ಪದ್ಧತಿ ಆಗಲೂ ಮುಂದುವರಿಯಿತು. ಉಳಿದ ದ್ವೀಪಗಳು ನಂತರದ ದಶಕಗಳಲ್ಲಿ ಬ್ರಿಟಿಷರ ಕೈಸೇರಿ ಮಲಬಾರ್ ಜಿಲ್ಲೆಯ ಭಾಗವಾದವು.

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯ ರಚನೆಯಾಯಿತು. ಕನ್ನಡ ನಾಡು ಒಂದಾದ ದಿನವೇ ದಕ್ಷಿಣ ಕನ್ನಡದಿಂದ ಅಮಿನ್‌ದಿವಿ, ಮಲಬಾರ್‌ನಿಂದ ಉಳಿದ ದ್ವೀಪಗಳು ಬೇರ್ಪಟ್ಟು ಹೊಸ ಕೇಂದ್ರಾಡಳಿತ ಪ್ರದೇಶವಾದವು. ಅದರ ಕೇಂದ್ರ ಕಚೇರಿ ಮೊದಲು ಇದ್ದದ್ದು ಕೋಯಿಕ್ಕೋಡ್‌ನಲ್ಲಿ. 1964ರಲ್ಲಿ ಅದು ಕವರತ್ತಿಗೆ ಬಂತು. 1973ರಲ್ಲಿ ಲಕ್ಷದ್ವೀಪ ಎಂಬ ಈಗಿನ ಹೆಸರು ಬಂತು.

ಆಡಳಿತ ನಡೆಸುವವರು ಯಾರು?

ಸಂವಿಧಾನದ 239ನೇ ವಿಧಿಯಂತೆ ರಾಷ್ಟ್ರಪತಿ ನೇಮಿಸುವ ಆಡಳಿತಾಧಿಕಾರಿಯೇ ಲಕ್ಷದ್ವೀಪದ ಮುಖ್ಯಸ್ಥ. ವಿಧಾನಸಭೆ ಇಲ್ಲದ ಕಾರಣ ಮುಖ್ಯಮಂತ್ರಿಯೂ ಇಲ್ಲ, ಮಂತ್ರಿಗಳೂ ಇಲ್ಲ. ಕಾನೂನು ಬೇಕೆಂದರೆ 240ನೇ ವಿಧಿಯಡಿ ರಾಷ್ಟ್ರಪತಿಗಳೇ ನಿಯಮಾವಳಿ ಹೊರಡಿಸಬಹುದು. ಅದಕ್ಕೆ ಸಂಸತ್ತಿನ ಕಾಯ್ದೆಯಷ್ಟೇ ಬಲವಿದೆ. ಅಂದರೆ ಆಡಳಿತಾಧಿಕಾರಿ ಸಿದ್ಧಪಡಿಸಿದ ಕರಡು ಕೇಂದ್ರ ಗೃಹ ಸಚಿವಾಲಯಕ್ಕೆ ಹೋಗಿ, ಒಪ್ಪಿಗೆ ಸಿಕ್ಕರೆ ಕಾನೂನಾಗುತ್ತದೆ. ಈ ದಾರಿಯಲ್ಲಿ ದ್ವೀಪದವರು ಆರಿಸಿದ ಯಾರೂ ಕೈ ಎತ್ತಬೇಕಾದ ಸಂದರ್ಭ ಬರುವುದಿಲ್ಲ.

ಜನರಿಂದ ಆಯ್ಕೆಯಾಗುವವರು ಎರಡೇ ಕಡೆ ಇದ್ದಾರೆ. ಒಂದು ಲೋಕಸಭೆಯ ಏಕೈಕ ಸ್ಥಾನ, ಇನ್ನೊಂದು ಪಂಚಾಯತ್.

ಪಂಚಾಯತ್ ಬಂದ ದಾರಿ

1988ರ ನಿಯಮಾವಳಿಯಡಿ ಪ್ರತಿ ದ್ವೀಪಕ್ಕೊಂದು ದ್ವೀಪ ಮಂಡಳಿ, ಮೇಲೆ ಒಂದು ಪ್ರದೇಶ ಮಂಡಳಿ ಎಂಬ ವ್ಯವಸ್ಥೆ ಬಂತು. ಸಂವಿಧಾನದ 73ನೇ ತಿದ್ದುಪಡಿಯ ನಂತರ 1994ರಲ್ಲಿ ಲಕ್ಷದ್ವೀಪ ಪಂಚಾಯತ್ ನಿಯಮಾವಳಿ ಜಾರಿಯಾಗಿ, 10 ಗ್ರಾಮ (ದ್ವೀಪ) ಪಂಚಾಯತ್‌ಗಳು ಮತ್ತು ಒಂದು ಜಿಲ್ಲಾ ಪಂಚಾಯತ್ ರಚನೆಯಾದವು. ನಡುವೆ ತಾಲೂಕು ಮಟ್ಟ ಇಲ್ಲ.

ಹೊರಗಿನವರಿಗೆ ಇದು ಸಣ್ಣ ಸ್ಥಳೀಯ ಸಂಸ್ಥೆಯಂತೆ ಕಾಣಬಹುದು. ಆದರೆ ವಿಧಾನಸಭೆ ಇಲ್ಲದ ಊರಿನಲ್ಲಿ ಜಿಲ್ಲಾ ಪಂಚಾಯತ್ ಅಧ್ಯಕ್ಷರೇ ಜನರ ಪಾಲಿಗೆ ಮಂತ್ರಿಯಿದ್ದಂತೆ. ಶಾಲೆ, ಆಸ್ಪತ್ರೆ, ಮೀನುಗಾರಿಕೆ, ಕೃಷಿ, ಪಶುಸಂಗೋಪನೆ ಇಲಾಖೆಗಳಲ್ಲಿ ಪಂಚಾಯತ್‌ಗೆ ಅಧಿಕಾರ ಹಂಚಿಕೊಟ್ಟಿದ್ದರಿಂದ, ಶಿಕ್ಷಕರ ಕೊರತೆಯಾಗಲಿ ಔಷಧಿ ಮುಗಿದದ್ದಾಗಲಿ ಅಲ್ಲೇ ಹೇಳಿಕೊಳ್ಳಬಹುದಿತ್ತು.

2021ರ ಮೇ ತಿಂಗಳಲ್ಲಿ ಈ ಐದೂ ಇಲಾಖೆಗಳ ಅಧಿಕಾರವನ್ನು ಜಿಲ್ಲಾ ಪಂಚಾಯತ್‌ನಿಂದ ಆಡಳಿತ ವಾಪಸ್ ಪಡೆಯಿತು. 2017ರ ಡಿಸೆಂಬರ್‌ನಲ್ಲಿ ಆಯ್ಕೆಯಾಗಿದ್ದ ಪಂಚಾಯತ್‌ಗಳ ಐದು ವರ್ಷದ ಅವಧಿ 2023ರ ಆರಂಭದಲ್ಲಿ ಮುಗಿದಾಗ ಹೊಸ ಚುನಾವಣೆ ಸಕಾಲಕ್ಕೆ ನಡೆಯಲಿಲ್ಲ. ಪಂಚಾಯತ್‌ಗಳ ಹೊಣೆ ಅಧಿಕಾರಿಗಳ ಕೈಗೆ ಹೋಯಿತು.

ದೇಶದ ಅತಿ ಚಿಕ್ಕ ಲೋಕಸಭಾ ಕ್ಷೇತ್ರ

ಮತದಾರರ ಸಂಖ್ಯೆಯಲ್ಲಿ ಲಕ್ಷದ್ವೀಪ ದೇಶದ ಅತಿ ಚಿಕ್ಕ ಲೋಕಸಭಾ ಕ್ಷೇತ್ರ. ಇಲ್ಲಿನ ಮತದಾರರು 60 ಸಾವಿರಕ್ಕಿಂತಲೂ ಕಡಿಮೆ. 1967ರವರೆಗೆ ಸಂಸದರನ್ನು ರಾಷ್ಟ್ರಪತಿಗಳೇ ನಾಮಕರಣ ಮಾಡುತ್ತಿದ್ದರು. ಮೊದಲ ಚುನಾವಣೆ ನಡೆದ 1967ರಿಂದ ಸತತ ಹತ್ತು ಬಾರಿ ಗೆದ್ದವರು ಪಿ.ಎಂ. ಸಯೀದ್. ಆಂಡ್ರೋತ್ ದ್ವೀಪದ ಸಯೀದ್ ಓದಿದ್ದು ಮಂಗಳೂರಿನ ಸರ್ಕಾರಿ ಕಾಲೇಜು ಮತ್ತು ಮುಂಬೈನ ಕಾನೂನು ಕಾಲೇಜಿನಲ್ಲಿ. 1998ರಿಂದ 2004ರವರೆಗೆ ಅವರು ಲೋಕಸಭೆಯ ಉಪಸಭಾಪತಿಯಾಗಿದ್ದರು.

ಅಂಥವರು 2004ರಲ್ಲಿ ಸೋತದ್ದು ಕೇವಲ 71 ಮತಗಳಿಂದ. 2019ರಲ್ಲಿ ಎನ್‌ಸಿಪಿಯ ಮೊಹಮ್ಮದ್ ಫೈಝಲ್ ಗೆದ್ದದ್ದು 823 ಮತಗಳಿಂದ. 2024ರಲ್ಲಿ ಅವರನ್ನು ಸೋಲಿಸಿದವರು ಪಿ.ಎಂ. ಸಯೀದ್ ಅವರ ಮಗ, ಕಾಂಗ್ರೆಸ್‌ನ ಹಂದುಲ್ಲಾ ಸಯೀದ್. ಇಷ್ಟು ಕಡಿಮೆ ಅಂತರದಲ್ಲಿ ಫಲಿತಾಂಶ ನಿರ್ಧಾರವಾಗುವುದರಿಂದ ಒಂದು ಹಡಗು, ಒಂದು ಜೆಟ್ಟಿ, ಒಂದು ಆಸ್ಪತ್ರೆ ಕೂಡ ಇಲ್ಲಿ ಚುನಾವಣಾ ವಿಷಯವಾಗುತ್ತದೆ.

ಪ್ರತಿನಿಧಿಗಳು ಕಡಿಮೆಯಿದ್ದರೆ ಏನಾಗುತ್ತದೆ ಎಂಬುದು 2023ರಲ್ಲಿ ಕಂಡಿತು. ಆ ವರ್ಷದ ಜನವರಿಯಲ್ಲಿ ಕ್ರಿಮಿನಲ್ ಪ್ರಕರಣವೊಂದರ ಕೆಳ ನ್ಯಾಯಾಲಯದ ತೀರ್ಪಿನಿಂದಾಗಿ ಫೈಝಲ್ ಅವರ ಲೋಕಸಭಾ ಸದಸ್ಯತ್ವ ರದ್ದಾಯಿತು. ಕೇರಳ ಹೈಕೋರ್ಟ್ ಆ ತೀರ್ಪನ್ನು ಅಮಾನತಿನಲ್ಲಿಟ್ಟ ಮೇಲೆ, ಮಾರ್ಚ್ ಕೊನೆಯಲ್ಲಿ ಸದಸ್ಯತ್ವ ಮರಳಿತು. ಅದೇ ವರ್ಷ ಇನ್ನೊಮ್ಮೆ ರದ್ದಾಗಿ, ಸುಪ್ರೀಂ ಕೋರ್ಟ್ ಆದೇಶದ ನಂತರ ಮತ್ತೆ ಮರಳಿತು. ಪಂಚಾಯತ್‌ಗಳ ಅವಧಿ ಮುಗಿದದ್ದೂ ಅದೇ ಹೊತ್ತಿಗೆ. ಹೀಗಾಗಿ 2023ರ ಮೊದಲ ತಿಂಗಳುಗಳಲ್ಲಿ ಲಕ್ಷದ್ವೀಪದ ಜನರ ಪರವಾಗಿ ಮಾತನಾಡಲು ಅಧಿಕಾರದಲ್ಲಿದ್ದ ಚುನಾಯಿತ ಪ್ರತಿನಿಧಿಯೇ ಇರಲಿಲ್ಲ.

2021ರಲ್ಲಿ ಆಗಿದ್ದೇನು?

2020ರ ಡಿಸೆಂಬರ್‌ನಲ್ಲಿ ಆಗಿನ ಆಡಳಿತಾಧಿಕಾರಿ ದಿನೇಶ್ವರ್ ಶರ್ಮಾ ನಿಧನರಾದರು. ಅವರ ಜಾಗಕ್ಕೆ ಬಂದವರು ಗುಜರಾತ್‌ನ ಮಾಜಿ ಗೃಹ ರಾಜ್ಯ ಸಚಿವ ಪ್ರಫುಲ್ ಖೋಡಾ ಪಟೇಲ್. ಸಾಮಾನ್ಯವಾಗಿ ಐಎಎಸ್, ಐಪಿಎಸ್ ಅಧಿಕಾರಿಗಳು ಕೂರುತ್ತಿದ್ದ ಹುದ್ದೆಗೆ ರಾಜಕಾರಣಿಯೊಬ್ಬರು ಬಂದಿದ್ದರು. ಅವರ ಆಡಳಿತ 2021ರ ಮೊದಲಾರ್ಧದಲ್ಲಿ ಪ್ರಕಟಿಸಿದ ಕರಡು ನಿಯಮಾವಳಿಗಳು ದ್ವೀಪಗಳಲ್ಲಿ ದೊಡ್ಡ ಆತಂಕ ಹುಟ್ಟಿಸಿದವು.

- ಅಭಿವೃದ್ಧಿ ಪ್ರಾಧಿಕಾರ ಕರಡು: ಯಾವುದೇ ಜಾಗವನ್ನು ಯೋಜನಾ ಪ್ರದೇಶವೆಂದು ಘೋಷಿಸಲು, ನಿವಾಸಿಗಳನ್ನು ಸ್ಥಳಾಂತರಿಸಲು ಅವಕಾಶ ಕೊಡುತ್ತದೆ ಎಂಬುದು ಜನರ ದೂರು.
- ಪಂಚಾಯತ್ ಕರಡು: ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಪಂಚಾಯತ್ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ಅಂಶ ಅದರಲ್ಲಿತ್ತು.
- ಪ್ರಾಣಿ ಸಂರಕ್ಷಣಾ ಕರಡು: ಗೋಹತ್ಯೆ, ಗೋಮಾಂಸಕ್ಕೆ ನಿಷೇಧ.
- ಸಮಾಜವಿರೋಧಿ ಚಟುವಟಿಕೆ ತಡೆ ಕರಡು: ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಅಧಿಕಾರ. ಅಪರಾಧ ತೀರಾ ಕಡಿಮೆಯಿರುವ ದ್ವೀಪಕ್ಕೆ ಇದು ಏಕೆ ಎಂಬುದು ಪ್ರಶ್ನೆಯಾಗಿತ್ತು.

ದ್ವೀಪಗಳನ್ನು ಮಾದರಿ ಪ್ರವಾಸಿ ತಾಣವಾಗಿ ಬೆಳೆಸಲು, ಮಾದಕ ವಸ್ತು ಸಾಗಣೆ ತಡೆಯಲು ಇವು ಅಗತ್ಯ ಎಂದು ಆಡಳಿತ ಸಮರ್ಥಿಸಿಕೊಂಡಿತು. 2021ರ ಮೇ 31ರಂದು ಕೇರಳ ವಿಧಾನಸಭೆ ಆಡಳಿತಾಧಿಕಾರಿಯನ್ನು ವಾಪಸ್ ಕರೆಸಿಕೊಳ್ಳಬೇಕೆಂದು ಸರ್ವಾನುಮತದ ನಿರ್ಣಯ ಅಂಗೀಕರಿಸಿತು. ಜೂನ್ 7ರಂದು ಲಕ್ಷದ್ವೀಪದ ಜನ ತಮ್ಮ ತಮ್ಮ ಮನೆಗಳಲ್ಲೇ 12 ಗಂಟೆ ಉಪವಾಸ ಕುಳಿತರು.

ಅದೇ ವೇಳೆ ಶಾಲೆಯ ಬಿಸಿಯೂಟದಿಂದ ಮಾಂಸ ತೆಗೆದದ್ದು ಮತ್ತು ಸರ್ಕಾರಿ ಡೈರಿ ಫಾರ್ಮ್‌ಗಳನ್ನು ಮುಚ್ಚಿದ್ದು ಕೋರ್ಟ್ ಮೆಟ್ಟಿಲೇರಿತು. ಕೇರಳ ಹೈಕೋರ್ಟ್ ಮೊದಲು ತಡೆ ಕೊಟ್ಟಿತ್ತು. ಕೊನೆಗೆ 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮಕ್ಕಳ ಊಟದಲ್ಲಿ ಏನಿರಬೇಕು ಎಂಬುದು ನೀತಿ ವಿಷಯ, ಅದರಲ್ಲಿ ಕೋರ್ಟ್ ಕೈಹಾಕುವುದಿಲ್ಲ ಎಂದು ಮೇಲ್ಮನವಿ ವಜಾ ಮಾಡಿತು. ಊಟದಲ್ಲಿ ಮೀನು, ಮೊಟ್ಟೆ ಉಳಿದವು.

ಹಡಗೇ ಬಸ್ಸು, ಹಡಗೇ ಲಾರಿ

ಮುಖ್ಯ ಭೂಮಿಗೂ ದ್ವೀಪಗಳಿಗೂ ಜನರನ್ನು ಸಾಗಿಸಲು ಏಳು ದೊಡ್ಡ ಹಡಗುಗಳ ಪಡೆ ಕಟ್ಟಲಾಗಿತ್ತು. ಎಂ.ವಿ. ಕವರತ್ತಿಯಲ್ಲಿ 700 ಜನ ಹಿಡಿಸುತ್ತಾರೆ. ಅರೇಬಿಯನ್ ಸೀ, ಲಕ್ಷದ್ವೀಪ್ ಸೀ, ಲಗೂನ್ಸ್, ಕೋರಲ್ಸ್, ಅಮಿನ್‌ದಿವಿ, ಮಿನಿಕಾಯ್ ಎಂಬ ಉಳಿದವು ಅದಕ್ಕಿಂತ ಚಿಕ್ಕವು. ಕೊಚ್ಚಿಯಿಂದ ಪ್ರಯಾಣಕ್ಕೆ ಸಾಮಾನ್ಯವಾಗಿ 14ರಿಂದ 18 ಗಂಟೆ ಬೇಕು.

ಹಡಗುಗಳನ್ನು ಕಡ್ಡಾಯ ತಪಾಸಣೆ, ದುರಸ್ತಿಗೆ ಆಗಾಗ ಡ್ರೈ ಡಾಕ್‌ಗೆ ಕಳಿಸಬೇಕು. ಒಂದೇ ಹೊತ್ತಿಗೆ ಎರಡು ಮೂರು ಹಡಗು ದುರಸ್ತಿಗೆ ನಿಂತರೆ ಸೀಟಿನ ಹಾಹಾಕಾರ ಶುರುವಾಗುತ್ತದೆ. ಪರೀಕ್ಷೆಗೆ ಹೋಗುವ ವಿದ್ಯಾರ್ಥಿ, ಚಿಕಿತ್ಸೆ ಮುಗಿಸಿ ಮರಳುವ ರೋಗಿ, ಮದುವೆಗೆ ಬಂದ ನೆಂಟರು ಕೊಚ್ಚಿಯ ಲಾಡ್ಜ್‌ಗಳಲ್ಲಿ ದಿನಗಟ್ಟಲೆ ಕಾಯಬೇಕಾಗುತ್ತದೆ.

ದ್ವೀಪ ತಲುಪಿದರೂ ಇಳಿಯುವುದು ಸುಲಭವಲ್ಲ. ಹವಳದ ದಿಬ್ಬದ ಒಳಗಿನ ಆಳ ಕಡಿಮೆಯಿರುವ ಹಿನ್ನೀರಿಗೆ ದೊಡ್ಡ ಹಡಗು ಬರಲಾರದು. ಹೀಗಾಗಿ ನಡುನೀರಿನಲ್ಲೇ ಹಡಗಿನಿಂದ ಸಣ್ಣ ದೋಣಿಗೆ ಇಳಿಯಬೇಕು. ಅಲೆ ಜೋರಾಗಿದ್ದರೆ ವಯಸ್ಸಾದವರು, ಗರ್ಭಿಣಿಯರ ಪಾಡು ಹೇಳತೀರದು. ಕೆಲವು ದ್ವೀಪಗಳ ಪೂರ್ವ ಭಾಗದಲ್ಲಿ ಜೆಟ್ಟಿ ಕಟ್ಟಿದ ಮೇಲೆ ಹವಾಮಾನ ಚೆನ್ನಾಗಿದ್ದಾಗ ಹಡಗು ನೇರವಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಮತ್ತೆ ಹಳೆಯ ಕಷ್ಟವೇ.

ವಿಮಾನ ನಿಲ್ದಾಣ ಇರುವುದು ಅಗತ್ತಿಯಲ್ಲಿ ಮಾತ್ರ. 1988ರಲ್ಲಿ ಶುರುವಾದ ಇದರ ರನ್‌ವೇ ಸುಮಾರು 1,200 ಮೀಟರ್ ಉದ್ದ. ಹಾಗಾಗಿ ಎಟಿಆರ್ ಮಾದರಿಯ ಚಿಕ್ಕ ವಿಮಾನಗಳಷ್ಟೇ ಇಳಿಯುತ್ತವೆ. 2024ರ ಮಾರ್ಚ್ 31ರಂದು ಇಂಡಿಗೊ ಬೆಂಗಳೂರು–ಅಗತ್ತಿ ನಡುವೆ ನೇರ ವಿಮಾನ ಆರಂಭಿಸಿತು. ಉಳಿದ ಒಂಬತ್ತು ದ್ವೀಪಗಳವರು ವಿಮಾನ ಹಿಡಿಯಬೇಕಾದರೂ ಮೊದಲು ಸಮುದ್ರ ದಾಟಿ ಅಗತ್ತಿಗೆ ಬರಬೇಕು.

ಮಂಗಳೂರೋ, ಬೇಪೋರೋ? ಬಂದರಿನ ರಾಜಕೀಯ

ಲಕ್ಷದ್ವೀಪಕ್ಕೆ ಮುಖ್ಯ ಭೂಮಿಯಲ್ಲಿ ಮೂರು ಬಾಗಿಲುಗಳು: ಕೊಚ್ಚಿ, ಕೋಯಿಕ್ಕೋಡ್ ಬಳಿಯ ಬೇಪೋರ್ ಮತ್ತು ಮಂಗಳೂರು. ಕಿಲ್ತಾನ್, ಚೆತ್ಲಾತ್‌ನಂಥ ಉತ್ತರದ ದ್ವೀಪಗಳಿಗೆ ಮಂಗಳೂರು ಹತ್ತಿರ. ಮಂಗಳೂರು ಹಳೆ ಬಂದರಿನ ಧಕ್ಕೆಯಿಂದ ಅಕ್ಕಿ, ಈರುಳ್ಳಿ, ತರಕಾರಿ, ಸಿಮೆಂಟ್, ಕಬ್ಬಿಣ, ಇಟ್ಟಿಗೆ, ಜಲ್ಲಿ, ಜಾನುವಾರು ಮಂಜಿಗಳಲ್ಲಿ ಹೋಗುತ್ತವೆ. ಬರುವಾಗ ಕೊಬ್ಬರಿ, ಒಣಮೀನು ಬರುತ್ತದೆ. ದ್ವೀಪದಲ್ಲಿ ಕಲ್ಲು ಒಡೆಯುವಂತಿಲ್ಲ, ಮರಳು ತೆಗೆಯುವಂತಿಲ್ಲ. ಆದ್ದರಿಂದ ಅಲ್ಲಿ ಒಬ್ಬರು ಮನೆ ಕಟ್ಟಬೇಕೆಂದರೆ ಅಡಿಪಾಯದ ಜಲ್ಲಿಯೂ ಹಡಗಿನ ಬಾಡಿಗೆ ಕೊಟ್ಟೇ ಬರಬೇಕು.

ಮೇ 16ರಿಂದ ಸೆಪ್ಟೆಂಬರ್ 15ರವರೆಗೆ, ಅಂದರೆ ವರ್ಷದಲ್ಲಿ ನಾಲ್ಕು ತಿಂಗಳು, ಮಂಜಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಹಳೆ ಬಂದರಿನಲ್ಲಿ ದ್ವೀಪದ ಮಳೆಗಾಲದ ದಾಸ್ತಾನು ತುಂಬುವ ಅವಸರ ಇರುತ್ತದೆ.

2021ರಲ್ಲಿ ಸರಕು ಸಾಗಣೆಯನ್ನು ಬೇಪೋರ್‌ಗಿಂತ ಹೆಚ್ಚಾಗಿ ಮಂಗಳೂರಿಗೆ ತಿರುಗಿಸಲು ಆಡಳಿತ ಮುಂದಾಯಿತು. ಮಂಗಳೂರಿನ ವ್ಯಾಪಾರಿಗಳು ಇದನ್ನು ಸ್ವಾಗತಿಸಿದರು. ಕೇರಳದೊಂದಿಗೆ ದ್ವೀಪಗಳಿಗಿರುವ ಭಾಷೆ, ಬಂಧುತ್ವದ ನಂಟನ್ನು ಸಡಿಲಿಸುವ ರಾಜಕೀಯ ಇದರಲ್ಲಿದೆ ಎಂದು ವಿರೋಧಿಗಳು ದೂರಿದರು. ಅದೇ ಜೂನ್‌ನಲ್ಲಿ, ಲಕ್ಷದ್ವೀಪವನ್ನು ಕೇರಳ ಹೈಕೋರ್ಟ್‌ನಿಂದ ಕರ್ನಾಟಕ ಹೈಕೋರ್ಟ್ ವ್ಯಾಪ್ತಿಗೆ ತರುವ ಪ್ರಸ್ತಾವ ಇದೆ ಎಂಬ ವರದಿ ಬಂದು ಗದ್ದಲ ಹೆಚ್ಚಾಯಿತು. ಆಡಳಿತ ಅದನ್ನು ನಿರಾಕರಿಸಿತು. ಇಂಥ ಬದಲಾವಣೆ ಮಾಡಬೇಕಾದರೆ ಸಂಸತ್ತು ಕಾನೂನು ಮಾಡಬೇಕಾಗುತ್ತದೆ.

ಮಂಗಳೂರಿನ ದೃಷ್ಟಿಯಿಂದ ನೋಡಿದರೂ ಕೆಲಸ ಬಾಕಿಯಿದೆ. ನೇತ್ರಾವತಿ, ಫಲ್ಗುಣಿ ನದಿಗಳು ಸೇರುವ ಅಳಿವೆಬಾಗಿಲಿನಲ್ಲಿ ಹೂಳು ತುಂಬುವುದರಿಂದ ಹಳೆ ಬಂದರಿಗೆ ದೊಡ್ಡ ಪ್ರಯಾಣಿಕ ಹಡಗು ಬರಲಾರದು. ಇಲ್ಲಿ ಲಕ್ಷದ್ವೀಪದ ಹಡಗುಗಳಿಗೆಂದೇ ಪ್ರತ್ಯೇಕ ಜೆಟ್ಟಿ ಕಟ್ಟುವ ಕಾಮಗಾರಿಯನ್ನು ಸಾಗರಮಾಲಾ ಯೋಜನೆಯಡಿ ಕೈಗೆತ್ತಿಕೊಳ್ಳಲಾಯಿತು. 2024ರ ಮೇ ತಿಂಗಳಲ್ಲಿ ಪರಳಿ ಎಂಬ ವೇಗದ ಹಡಗು 160 ಪ್ರಯಾಣಿಕರೊಂದಿಗೆ ಸುಮಾರು 7 ಗಂಟೆಯಲ್ಲಿ ಮಂಗಳೂರು ತಲುಪಿದಾಗ, ಈ ದಾರಿಗೆ ಮತ್ತೆ ಜೀವ ಬರಬಹುದೆಂಬ ಆಸೆ ಎರಡೂ ದಡದಲ್ಲಿ ಹುಟ್ಟಿತು.

ಸುತ್ತಲೂ ನೀರು, ಕುಡಿಯಲು?

ಹವಳದ ದ್ವೀಪದ ನೆಲ ಸ್ಪಂಜಿನಂತೆ. ಮಳೆನೀರು ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಸಿಹಿನೀರಿನ ಪದರವಾಗಿ ತೇಲುತ್ತದೆ. ದ್ವೀಪದ ಬಾವಿಗಳ ಆಧಾರ ಇದೇ. ಪಂಪು ಹಚ್ಚಿ ಹೆಚ್ಚು ಎತ್ತಿದರೆ ಕೆಳಗಿನ ಉಪ್ಪುನೀರು ಮೇಲೇರಿ ಬಾವಿ ಕೆಡುತ್ತದೆ. ಮನೆಗಳು ಒತ್ತೊತ್ತಾಗಿರುವುದರಿಂದ ಶೌಚ ಗುಂಡಿಯ ನೀರೂ ಅದೇ ಪದರಕ್ಕೆ ಇಳಿಯುತ್ತದೆ.

ಇದಕ್ಕೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಒಂದು ಪರಿಹಾರ ಕಂಡುಕೊಂಡಿತು. ಸಮುದ್ರದ ಮೇಲ್ಭಾಗದ ಬೆಚ್ಚಗಿನ ನೀರನ್ನು ಒತ್ತಡ ಕಡಿಮೆ ಮಾಡಿದ ಕೋಣೆಗೆ ಬಿಟ್ಟರೆ ಅದು ಕುದಿಸದೆಯೇ ಆವಿಯಾಗುತ್ತದೆ. ಸುಮಾರು 350 ಮೀಟರ್ ಆಳದಿಂದ ಕೊಳವೆಯಲ್ಲಿ ಎತ್ತಿದ ತಣ್ಣನೆಯ ನೀರಿನಿಂದ ಆ ಆವಿಯನ್ನು ತಂಪಾಗಿಸಿದರೆ ಸಿಹಿನೀರು ಸಿಗುತ್ತದೆ. ದ್ವೀಪದ ಅಂಚಿನಲ್ಲೇ ಸಮುದ್ರ ತಟ್ಟನೆ ಆಳವಾಗುವುದರಿಂದ ಇಲ್ಲಿ ಇದು ಸಾಧ್ಯ.

ಮೊದಲ ಘಟಕ 2005ರಲ್ಲಿ ಕವರತ್ತಿಯಲ್ಲಿ ಶುರುವಾಯಿತು. ಅದರ ಸಾಮರ್ಥ್ಯ ದಿನಕ್ಕೆ 1 ಲಕ್ಷ ಲೀಟರ್. ನಂತರ ಮಿನಿಕಾಯ್, ಅಗತ್ತಿಗಳಿಗೂ ಘಟಕ ಬಂದವು. ಮುಂದೆ ಇತರ ಆರು ದ್ವೀಪಗಳಿಗೆ 1.5 ಲಕ್ಷ ಲೀಟರ್ ಸಾಮರ್ಥ್ಯದ ಘಟಕಗಳನ್ನು ಮಂಜೂರು ಮಾಡಲಾಯಿತು.

ಕವರತ್ತಿಯ ಜನಸಂಖ್ಯೆ 11,221. ದಿನಕ್ಕೆ 1 ಲಕ್ಷ ಲೀಟರ್ ಹಂಚಿದರೆ ತಲೆಗೆ 9 ಲೀಟರ್‌ಗಿಂತ ಕಡಿಮೆ. ಕುಡಿಯಲು, ಅಡುಗೆಗೆ ಸಾಕು. ಸ್ನಾನ, ಬಟ್ಟೆ ಒಗೆಯಲು ಬಾವಿಯೇ ಗತಿ. ರೆಸಾರ್ಟ್‌ಗಳು ಹೆಚ್ಚಾದರೆ ನೀರು ಎಲ್ಲಿಂದ ಎಂದು ದ್ವೀಪದವರು ಕೇಳುವುದು ಇದೇ ಕಾರಣಕ್ಕೆ.

ಡೀಸೆಲ್ ಕರೆಂಟು, ಸಮುದ್ರದಡಿಯ ಇಂಟರ್ನೆಟ್

ದೇಶದ ವಿದ್ಯುತ್ ಜಾಲಕ್ಕೂ ದ್ವೀಪಗಳಿಗೂ ಸಂಪರ್ಕವಿಲ್ಲ. ಪ್ರತಿ ದ್ವೀಪದಲ್ಲಿ ಡೀಸೆಲ್ ಜನರೇಟರ್ ಓಡಬೇಕು. ಆ ಡೀಸೆಲ್ ಹಡಗಿನಲ್ಲಿ ಬರಬೇಕು. ನೀರು ಶುದ್ಧೀಕರಿಸುವ ಘಟಕಕ್ಕೂ ಅದೇ ಕರೆಂಟು ಬೇಕು. ಹೀಗಾಗಿ ಹಡಗು ತಡವಾದರೆ ಕೊನೆಗೆ ನೀರಿಗೂ ತೊಂದರೆ. ಕವರತ್ತಿಯಲ್ಲಿ ಬ್ಯಾಟರಿ ಸಹಿತ ಸೌರ ವಿದ್ಯುತ್ ಘಟಕವನ್ನು 2024ರ ಜನವರಿಯಲ್ಲಿ ಉದ್ಘಾಟಿಸಲಾಯಿತು.

ಎದ್ದು ಕಾಣುವ ಸುಧಾರಣೆ ಆಗಿರುವುದು ಇಂಟರ್ನೆಟ್‌ನಲ್ಲಿ. ಮೊದಲು ಉಪಗ್ರಹ ಸಂಪರ್ಕವನ್ನೇ ನಂಬಿದ್ದ ಇಡೀ ಲಕ್ಷದ್ವೀಪಕ್ಕೆ ಸೆಕೆಂಡಿಗೆ 1.7 ಗಿಗಾಬಿಟ್ ಸಾಮರ್ಥ್ಯ ಮಾತ್ರ ಇತ್ತು. ಕೊಚ್ಚಿಯಿಂದ ಸಮುದ್ರದಡಿ ಎಳೆದ 1,868 ಕಿ.ಮೀ. ಉದ್ದದ ಆಪ್ಟಿಕಲ್ ಫೈಬರ್ ಕೇಬಲ್‌ಗೆ 2024ರ ಜನವರಿ 3ರಂದು ಚಾಲನೆ ಸಿಕ್ಕಿತು. 1,072 ಕೋಟಿ ರೂಪಾಯಿಯ ಈ ಯೋಜನೆಯಿಂದ ಸಾಮರ್ಥ್ಯ 200 ಗಿಗಾಬಿಟ್‌ಗೆ ಏರಿತು. ಬ್ಯಾಂಕ್ ವ್ಯವಹಾರ, ಆನ್‌ಲೈನ್ ತರಗತಿ, ಮುಖ್ಯ ಭೂಮಿಯ ವೈದ್ಯರೊಂದಿಗೆ ವಿಡಿಯೊ ಸಮಾಲೋಚನೆಗೆ ಇದು ದೊಡ್ಡ ಅನುಕೂಲ.

ಆಸ್ಪತ್ರೆಗೆ ಹೆಲಿಕಾಪ್ಟರ್, ಕಾಲೇಜಿಗೆ ಹಡಗು

ಕವರತ್ತಿಯ ಇಂದಿರಾ ಗಾಂಧಿ ಆಸ್ಪತ್ರೆ, ಅಗತ್ತಿಯ ರಾಜೀವ್ ಗಾಂಧಿ ಆಸ್ಪತ್ರೆ, ಮಿನಿಕಾಯ್‌ನ ಸರ್ಕಾರಿ ಆಸ್ಪತ್ರೆ ಇಲ್ಲಿನ ಮುಖ್ಯ ಆಸ್ಪತ್ರೆಗಳು. ಉಳಿದ ಕಡೆ ಆರೋಗ್ಯ ಕೇಂದ್ರಗಳಿವೆ. ಗಂಭೀರ ಸ್ಥಿತಿಯ ರೋಗಿಯನ್ನು ಹೆಲಿಕಾಪ್ಟರ್‌ನಲ್ಲಿ ಕೊಚ್ಚಿಗೆ ಸಾಗಿಸುವ ವ್ಯವಸ್ಥೆ ಹಿಂದಿನಿಂದಲೂ ಇದೆ. 2021ರ ಮೇ ತಿಂಗಳಲ್ಲಿ, ರೋಗಿಯನ್ನು ಹೀಗೆ ಸಾಗಿಸಲು ನಾಲ್ವರು ಸದಸ್ಯರ ಸಮಿತಿಯ ಒಪ್ಪಿಗೆ ಬೇಕೆಂದು ಆಡಳಿತ ಹೇಳಿದಾಗ ಕೋರ್ಟ್‌ವರೆಗೂ ದೂರು ಹೋಯಿತು. ಸ್ಥಳದಲ್ಲಿರುವ ವೈದ್ಯರ ಮಾತಿಗಿಂತ ಕಡತದ ಸಹಿ ದೊಡ್ಡದೇ ಎಂಬುದು ಜನರ ಪ್ರಶ್ನೆಯಾಗಿತ್ತು.

ಶಿಕ್ಷಣದಲ್ಲಿ ದ್ವೀಪಗಳು ಹಿಂದಿಲ್ಲ. ಸಾಕ್ಷರತೆ ಶೇ 91ಕ್ಕೂ ಹೆಚ್ಚು. ಪದವಿ ಕೋರ್ಸ್‌ಗಳು ಮೊದಲು ಕಲ್ಲಿಕೋಟೆ ವಿಶ್ವವಿದ್ಯಾಲಯದ ಅಡಿ ಇದ್ದವು, ಈಗ ಪುದುಚೇರಿ ವಿಶ್ವವಿದ್ಯಾಲಯದ ಅಡಿ ಬಂದಿವೆ. ಆದರೂ ಎಂಜಿನಿಯರಿಂಗ್, ವೈದ್ಯಕೀಯ ಓದಬೇಕಾದರೆ ಮುಖ್ಯ ಭೂಮಿಗೇ ಬರಬೇಕು.

ಭೂಮಿ, ಪ್ರವಾಸೋದ್ಯಮ ಮತ್ತು ಬಿತ್ರಾ

ಇಲ್ಲಿನ ಮೂಲ ನಿವಾಸಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಹೊರಗಿನವರು ಜಮೀನು ಕೊಳ್ಳುವಂತಿಲ್ಲ. ದ್ವೀಪಕ್ಕೆ ಕಾಲಿಡಲೂ ಹೊರಗಿನವರಿಗೆ ಪರವಾನಗಿ ಬೇಕು. ಇಷ್ಟು ಕಡಿಮೆ ನೆಲದಲ್ಲಿ ಇಷ್ಟು ಜನ ಬದುಕಲು ಈ ರಕ್ಷಣೆಯೇ ಆಧಾರ ಎಂಬುದು ದ್ವೀಪದವರ ನಂಬಿಕೆ. ಸುಹೇಲಿ ಮತ್ತು ಕಡಮತ್‌ನಲ್ಲಿ ತಾಜ್ ರೆಸಾರ್ಟ್ ಕಟ್ಟುವುದಾಗಿ 2023ರ ಜನವರಿಯಲ್ಲಿ ಘೋಷಣೆಯಾಯಿತು. ಪ್ರವಾಸೋದ್ಯಮದಿಂದ ಉದ್ಯೋಗ ಬರಲಿ ಎನ್ನುವವರು ದ್ವೀಪದಲ್ಲೂ ಇದ್ದಾರೆ. ನೀರು, ಕಸ, ಕಡಲತೀರದ ಲೆಕ್ಕ ಮೊದಲು ಹೇಳಿ ಎನ್ನುವವರೂ ಇದ್ದಾರೆ.

2025ರ ಜುಲೈನಲ್ಲಿ ರಕ್ಷಣಾ ಉದ್ದೇಶಕ್ಕಾಗಿ ಬಿತ್ರಾ ದ್ವೀಪವನ್ನು ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾವದ ಬಗ್ಗೆ ಸಾಮಾಜಿಕ ಪರಿಣಾಮ ಅಧ್ಯಯನ ನಡೆಸಲು ಆಡಳಿತ ಅಧಿಸೂಚನೆ ಹೊರಡಿಸಿತು. 2011ರ ಜನಗಣತಿಯಂತೆ ಬಿತ್ರಾದ ಜನಸಂಖ್ಯೆ 271. ಗಡಿ ಭದ್ರತೆಗೆ ಅದರ ಸ್ಥಾನ ಮುಖ್ಯ ಎಂಬುದು ಸರ್ಕಾರದ ನಿಲುವು. ಜನ ಬದುಕುತ್ತಿರುವ ದ್ವೀಪವನ್ನೇ ಏಕೆ ಆರಿಸಬೇಕು ಎಂದು ಸಂಸದ ಹಂದುಲ್ಲಾ ಸಯೀದ್ ವಿರೋಧಿಸಿದರು. ಪಂಚಾಯತ್ ಇಲ್ಲದ ಹೊತ್ತಿನಲ್ಲಿ ಊರಿನ ಒಪ್ಪಿಗೆ ಕೇಳುವುದು ಯಾರನ್ನು ಎಂಬ ಪ್ರಶ್ನೆ ಆಗ ಮತ್ತೆ ಎದ್ದಿತು.

ರವೀಂದ್ರನ್ ಸಮಿತಿ ಹೇಳಿದ್ದು

ಈ ಪ್ರಶ್ನೆಗೆ ಒಂದು ಉತ್ತರ ಹಿಂದೆಯೇ ಬಂದಿದೆ. ರೆಸಾರ್ಟ್ ವಿವಾದವೊಂದು 2012ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೋದಾಗ, ಕೋರ್ಟ್ ತನ್ನ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ನೇಮಿಸಿತು. ರವೀಂದ್ರನ್ ಹಿಂದೆ ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿಯಾಗಿದ್ದವರು. ದ್ವೀಪಗಳ ಸಮಗ್ರ ನಿರ್ವಹಣಾ ಯೋಜನೆಗಳನ್ನು ಪರಿಶೀಲಿಸಿದ ಸಮಿತಿ, ಯಾವುದೇ ಅಭಿವೃದ್ಧಿ ಕಾರ್ಯಕ್ರಮ ಆ ವೈಜ್ಞಾನಿಕ ಯೋಜನೆಗೆ ತಕ್ಕಂತೆ ಇರಬೇಕು ಮತ್ತು ಚುನಾಯಿತ ಸ್ಥಳೀಯ ಸಂಸ್ಥೆಗಳ ಜತೆ ಸಮಾಲೋಚಿಸಿ ನಡೆಯಬೇಕು ಎಂದು ಶಿಫಾರಸು ಮಾಡಿತು. 2015ರಲ್ಲಿ ಆ ನಿರ್ವಹಣಾ ಯೋಜನೆಗಳಿಗೆ ಅಧಿಸೂಚನೆಯೂ ಹೊರಬಿತ್ತು.

ಕೇಬಲ್ ಬಂದಿದೆ, ನೀರಿನ ಘಟಕಗಳು ಬಂದಿವೆ. ಕೇಂದ್ರದ ಹಣ ಲಕ್ಷದ್ವೀಪಕ್ಕೆ ಬರುತ್ತಿಲ್ಲ ಎಂದು ಹೇಳುವಂತಿಲ್ಲ. ಜನರ ದೂರು ಇರುವುದು ಹಣದ ಬಗ್ಗೆ ಅಲ್ಲ. ಹಡಗು ಯಾವ ಬಂದರಿಗೆ ಹೋಗಬೇಕು, ರೋಗಿಯನ್ನು ಯಾವಾಗ ಸಾಗಿಸಬೇಕು, ಮಕ್ಕಳ ತಟ್ಟೆಯಲ್ಲಿ ಏನಿರಬೇಕು ಎಂಬ ತೀರ್ಮಾನಗಳು ತಮ್ಮನ್ನು ಕೇಳದೆ ಆಗುತ್ತವೆ ಎಂಬುದರ ಬಗ್ಗೆ. 1783ರಲ್ಲಿ ಅಮಿನಿಯವರು ದೂರು ಹೇಳಲು ದೋಣಿ ಹತ್ತಿ ಮಂಗಳೂರಿಗೆ ಬಂದಿದ್ದರು. ಈಗಿನವರು ಕೊಚ್ಚಿಯ ಹೈಕೋರ್ಟ್‌ಗೋ, ದೆಹಲಿಯ ಗೃಹ ಸಚಿವಾಲಯಕ್ಕೋ ಹೋಗಬೇಕು. ಊರಿನ ಪಂಚಾಯತ್ ಕಚೇರಿಯಲ್ಲೇ ಉತ್ತರ ಸಿಗಬೇಕಾದರೆ ಅಲ್ಲಿ ಆಯ್ಕೆಯಾದ ಪ್ರತಿನಿಧಿ ಕುಳಿತಿರಬೇಕು, ಅವರ ಕೈಯಲ್ಲಿ ಅಧಿಕಾರವೂ ಇರಬೇಕು.